ಮಡಚದ ಕೊಡೆ: ನಗೆನಾಟಕದ ಬಗ್ಗೆ ಬರೆಯುವುದು ಹೇಗೆ?

ಓದುಗರ ಪ್ರಶ್ನೆ (ಪತ್ರದ ಸಾರ): ತೀರ್ಥಹಳ್ಳಿ ತಾಲ್ಲೂಕಿನ ಸಹಕಾರ ಸಂಘವೊಂದರಲ್ಲಿ ಕೆಲಸ ಮಾಡುತ್ತೇನೆ. ನಾಲ್ಕು ವರ್ಷಗಳಿಂದ ಊರಿನ ವಾರಪತ್ರಿಕೆಗೆ ಹವ್ಯಾಸಕ್ಕಾಗಿ ನಾಟಕ ವಿಮರ್ಶೆ ಬರೆಯುತ್ತಿದ್ದೇನೆ. ಗಂಭೀರ ನಾಟಕವಾದರೆ ಕಥೆ, ಆಶಯ, ಪಾತ್ರಗಳ ಸಂಘರ್ಷ ಎಂದು ಎರಡು ಕಾಲಂ ತುಂಬುತ್ತದೆ. ನಗೆನಾಟಕ, ಹಾಡೇ ಪ್ರಧಾನವಾದ ನಾಟಕ, ಮೂಕಾಭಿನಯ ಇವುಗಳ ಮುಂದೆ ಮಾತ್ರ ಪೆನ್ನು ನಿಂತುಬಿಡುತ್ತದೆ. ಕಳೆದ ತಿಂಗಳು ನೋಡಿದ ಪ್ರಹಸನವೊಂದರಲ್ಲಿ, ಹೆಣ್ಣು ನೋಡಲು ಬಂದ ವರನ ತಂದೆಯ ಕೊಡೆ ಮಡಚುವುದೇ ಇಲ್ಲ. ಬಿಚ್ಚಿದ ಕೊಡೆ ಹಿಡಿದುಕೊಂಡೇ ಜಗಲಿಯಲ್ಲಿ ಕುಳಿತು ಮಾತುಕತೆ ಮುಗಿಸುತ್ತಾನೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮನೆಗೆ ಬಂದು ಆ ನಗೆಯ ಬಗ್ಗೆ ಬರೆದದ್ದು ‘ಪ್ರೇಕ್ಷಕರನ್ನು ನಗೆಗಡಲಿನಲ್ಲಿ ತೇಲಿಸಿತು’ ಎಂಬ ಒಂದೇ ವಾಕ್ಯ. ಇಂಥವುಗಳ ಬಗ್ಗೆ ಬರೆಯುವುದು ಹೇಗೆ? ಪ್ಯಾಂಟೊಮೈಮ್ ಎಂದರೆ ಮೂಕಾಭಿನಯವೇ? ನಟರೆಲ್ಲ ದಿನವೂ ಎದುರು ಸಿಗುವವರು; ಅವರ ತಪ್ಪುಗಳನ್ನು ಬರೆಯುವುದು ಸರಿಯೇ?

ಉತ್ತರ: ನೀವು ಕಳುಹಿಸಿದ ವಿಮರ್ಶೆಯಲ್ಲಿ ಕೊಡೆಯ ಮಾತೇ ಇಲ್ಲ. ಕಥೆಯ ಸಾರಾಂಶವಿದೆ, ಪಾತ್ರಧಾರಿಗಳೆಲ್ಲರ ಹೆಸರಿದೆ, ವರದಕ್ಷಿಣೆಯ ಪಿಡುಗಿನ ಬಗ್ಗೆ ಒಂದು ಪ್ಯಾರಾ ಇದೆ. ಕೊಡೆ ಇರುವುದು ನನಗೆ ಬರೆದ ಪತ್ರದಲ್ಲಿ, ಅದೂ ಎಷ್ಟು ಚೆನ್ನಾಗಿ! ವರನ ತಂದೆ ಕೊಡೆಯ ಗುಂಡಿ ಒತ್ತುತ್ತಾನೆ, ಅದು ಮಡಚುವುದಿಲ್ಲ, ಇನ್ನೊಮ್ಮೆ ಒತ್ತುತ್ತಾನೆ. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಕೊಡೆ ಹಿಡಿದೇ ಕುಳಿತ. ಇನ್ನಷ್ಟು ಜನ ನಕ್ಕರು. ಹೆಣ್ಣಿನ ತಂದೆ ಮಾತ್ರ ಕೊಡೆಯನ್ನು ಕಂಡೂ ಕಾಣದವರಂತೆ, ‘ಆಸರಿಗೆ (ಕುಡಿಯಲು) ಏನು ಕೊಡಲಿ?’ ಎಂದು ವಿಚಾರಿಸುತ್ತ, ಕಡ್ಡಿಯ ತುದಿ ಕಣ್ಣಿಗೆ ಚುಚ್ಚದಂತೆ ತಲೆಯನ್ನು ಸ್ವಲ್ಪಸ್ವಲ್ಪವೇ ವಾಲಿಸತೊಡಗಿದಾಗ ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು ಎಂದು ಬರೆದಿದ್ದೀರಿ.

ನಿಮ್ಮ ವಿಮರ್ಶೆ ಇದೇ. ಗಮನಿಸಿ, ದೊಡ್ಡ ನಗೆ ಬಂದದ್ದು ಕೊಡೆ ಕೆಟ್ಟಾಗ ಅಲ್ಲ. ಎದುರಿಗೆ ಕುಳಿತವರು ಮರ್ಯಾದೆ ಬಿಡದೆ ತಲೆ ವಾಲಿಸಿದಾಗ. ಮನೆಗೆ ಬಂದವರ ಪೇಚನ್ನು ಕಂಡೂ ಕಾಣದಂತೆ ಇರುವುದು ನಮ್ಮ ಮಲೆನಾಡಿನ ಮನೆಗಳ ರೂಢಿ. ಅದಕ್ಕೆ ಹೆಣ್ಣು ಹೆತ್ತವರ ಅಳುಕೂ ಸೇರಿತು. ಬಂದವರು ಕೊಡೆ ಬಿಚ್ಚಿಕೊಂಡು ಕುಳಿತರೂ ಸರಿ, ಏನೂ ಅನ್ನುವಂತಿಲ್ಲ. ನೀವು ವರದಕ್ಷಿಣೆಯ ಬಗ್ಗೆ ಬೇರೆಯಾಗಿ ಬರೆದ ಪ್ಯಾರಾ ಆ ವಾಲಿದ ಕತ್ತಿನಲ್ಲೇ ಇತ್ತು. ನಟ ಅದನ್ನು ಮಾಡಿ ತೋರಿಸಿದ, ನೀವು ನೋಡಿ ನಕ್ಕಿರಿ, ಬರೆಯಲು ಕುಳಿತಾಗ ಅದನ್ನು ಕೈಬಿಟ್ಟು ಸಂದೇಶವನ್ನು ಹುಡುಕಲು ಹೋದಿರಿ.

ನಗೆನಾಟಕದ ವಿಮರ್ಶಕ ಬರೆಯಬೇಕಾದದ್ದು ನಗೆ ಹುಟ್ಟುವ ಮುಂಚಿನ ಗಳಿಗೆಯ ಬಗ್ಗೆ. ನಗೆ ಬಂತು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಅದಕ್ಕೆ ಮೊದಲು ವೇದಿಕೆಯ ಮೇಲೆ ಏನಾಯಿತು, ಯಾರ ಕೈ ಎಲ್ಲಿತ್ತು, ಮಾತು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಕಂಡವರು ಕಡಿಮೆ, ನೆನಪಿಟ್ಟುಕೊಂಡವರು ಇನ್ನೂ ಕಡಿಮೆ. ಹಾಡಿಗೂ ಮೂಕಾಭಿನಯಕ್ಕೂ ಇದೇ ಮಾತು ಸಲ್ಲುತ್ತದೆ. ಈ ಮೂರೂ ಕಾಲದ ಹದದ ಮೇಲೆ ನಿಂತ ಕಲೆಗಳು. ಅರ್ಧ ಕ್ಷಣ ಮೊದಲಾದರೆ ಹಸಿ, ಅರ್ಧ ಕ್ಷಣ ತಡವಾದರೆ ಹಳಸಲು. ಗಂಭೀರ ನಾಟಕದಲ್ಲಿ ತಡವರಿಸಿದ ಮಾತನ್ನು ಪ್ರೇಕ್ಷಕರು ಕ್ಷಮಿಸಿಯಾರು; ಪ್ರಹಸನದಲ್ಲಿ ಕ್ಷಮೆಯಿಲ್ಲ. ಇಷ್ಟು ಕಷ್ಟದ ಕೆಲಸವನ್ನು ‘ಲಘು ಮನರಂಜನೆ’ ಎಂದು ಎರಡು ಸಾಲಿನಲ್ಲಿ ಮುಗಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಭರತನ ನಾಟ್ಯಶಾಸ್ತ್ರ ನಗುವನ್ನು ಹೀಗೆ ತಳ್ಳಿಹಾಕಲಿಲ್ಲ. ಎಂಟು ರಸಗಳಲ್ಲಿ ಹಾಸ್ಯಕ್ಕೂ ಸ್ಥಾನ ಕೊಟ್ಟು, ನಗುವನ್ನು ಆರು ಬಗೆಯಾಗಿ ವಿಂಗಡಿಸಿತು: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದ ಮುಗುಳುನಗೆಯಿಂದ ಹಿಡಿದು ಕಣ್ಣೀರು ಬರುವ ಅಟ್ಟಹಾಸದವರೆಗೆ. ಮೊದಲೆರಡು ಉತ್ತಮರಿಗೆ, ಕೊನೆಯ ಎರಡು ಅಧಮರಿಗೆ ಎಂಬ ಅದರ ಶ್ರೇಣಿಯನ್ನು ನೀವು ಒಪ್ಪಬೇಕಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ನಗುವಿನಲ್ಲಿ ಬಗೆಗಳಿವೆ ಎಂಬ ಅರಿವು ವಿಮರ್ಶಕನಿಗೆ ಕಿವಿ ಕೊಡುತ್ತದೆ. ನಾಟಕ ನೋಡುವಾಗ ನಾನು ಚಿಕ್ಕ ಪುಸ್ತಕದ ಎಡಪುಟದಲ್ಲಿ ವೇದಿಕೆಯ ಮೇಲೆ ನಡೆದದ್ದನ್ನು ಒಂದೆರಡು ಪದದಲ್ಲಿ ಗೀಚುತ್ತೇನೆ, ಬಲಪುಟದಲ್ಲಿ ಸಭೆಯಲ್ಲಿ ಏನಾಯಿತು ಎಂಬುದನ್ನು. ನಿಮ್ಮ ಪ್ರಹಸನಕ್ಕೆ ಬಂದಿದ್ದರೆ ‘ಕೊಡೆ, ಕತ್ತು’ ಎಂದು ಎಡಕ್ಕೆ. ‘ಹೆಂಗಸರು ಮೊದಲು’ ಎಂದು ಬಲಕ್ಕೆ. ಮುಂದಿನ ಸಾಲಿನ ಮಕ್ಕಳು ಮಾತ್ರ ನಕ್ಕರೇ, ಹಿಂದೆ ನಿಂತ ಹುಡುಗರು ಮಾತ್ರವೇ, ಹೆಂಗಸರ ಕಡೆ ಮೌನವಿದ್ದು ಗಂಡಸರ ಕಡೆ ಗದ್ದಲವೇ, ಎಲ್ಲರೂ ಒಟ್ಟಿಗೆ ನಕ್ಕರೇ, ಒಬ್ಬರನ್ನು ನೋಡಿ ಇನ್ನೊಬ್ಬರು ನಕ್ಕರೇ? ಮನೆಗೆ ಬಂದು ಎರಡೂ ಪುಟ ಜೋಡಿಸಿದರೆ ನಾಟಕದ ನಕ್ಷೆ ಸಿಗುತ್ತದೆ. ಕತ್ತಲಲ್ಲಿ ಗೀಚಿದ ಅಕ್ಷರ ಸೊಟ್ಟಗಿದ್ದರೆ ಇರಲಿ. ಬರೆದುಕೊಳ್ಳಲು ಮೊಬೈಲ್ ಬೆಳಕು ಮಾತ್ರ ಹಚ್ಚಬೇಡಿ. ಹಿಂದಿನ ಸಾಲಿನವರ ಕಣ್ಣು ನಟನ ಮುಖದಿಂದ ನಿಮ್ಮ ಕೈಗೆ ಜಾರುತ್ತದೆ, ಅಷ್ಟು ಸಾಕು ಒಂದು ನಗೆ ಸಾಯಲು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕು. ಬಹಳ ಹಿಂದೆ, ಆಷಾಢದ ಒಂದು ರಾತ್ರಿ, ಶೀಟಿನ ಮಾಡಿದ್ದ ಸಭಾಭವನವೊಂದರಲ್ಲಿ ಹವ್ಯಾಸಿ ತಂಡದ ನಗೆನಾಟಕ ನೋಡಿದೆ. ಒಂದೂವರೆ ಗಂಟೆಯಲ್ಲಿ ಸಭೆ ನಾಲ್ಕು ಸಲ ನಕ್ಕಿರಬೇಕು. ‘ಲವಲವಿಕೆಯಿಲ್ಲದ ಅಭಿನಯ, ಅನಗತ್ಯ ಕಿರುಚಾಟ’ ಎಂದು ಬರೆದೆ. ದೀಪಾವಳಿ ಕಳೆದ ಮೇಲೆ ಅದೇ ನಾಟಕವನ್ನು ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ನೋಡಿದಾಗ ಮೈ ಬಿಸಿಯಾಯಿತು. ಅವೇ ನಟರು, ಅವೇ ಮಾತುಗಳು, ಆದರೆ ಸಭೆ ನಗುತ್ತಲೇ ಇತ್ತು. ಆ ರಾತ್ರಿ ಶೀಟಿನ ಮೇಲೆ ಸುರಿಯುತ್ತಿದ್ದ ಮಳೆ ಪ್ರತಿ ಮಾತಿನ ಕೊನೆಯ ಪದವನ್ನು ನುಂಗಿತ್ತು. ನಗೆಯ ಮಾತಿನಲ್ಲಿ ಕೀಲು ಇರುವುದೇ ಕೊನೆಯ ಪದದಲ್ಲಿ. ಅದನ್ನು ದಾಟಿಸಲು ನಟರು ದನಿಯೇರಿಸಿದ್ದರು. ಏರಿದ ದನಿಯಲ್ಲಿ ವಿರಾಮಗಳು ಸತ್ತಿದ್ದವು. ನಾನು ಮಳೆಯ ವಿಮರ್ಶೆಯನ್ನು ನಟರ ಹೆಸರಿನಲ್ಲಿ ಬರೆದಿದ್ದೆ. ಎರಡನೆಯ ಸಲ ಬರೆದು ತಿದ್ದಿಕೊಂಡೆ, ಆದರೆ ಮೊದಲನೆಯದನ್ನು ಓದಿದ್ದವರೆಲ್ಲ ಎರಡನೆಯದನ್ನು ಓದಿರುತ್ತಾರೆಂದು ಹೇಗೆ ಹೇಳಲಿ? ಪ್ರಯೋಗದ ಸಿದ್ಧಿಯನ್ನು ಕುರಿತ ಅಧ್ಯಾಯದಲ್ಲಿ ಭರತ ದೈವದಿಂದ ಒದಗುವ ವಿಘ್ನಗಳನ್ನು ಬೇರೆಯಾಗಿಯೇ ಹೇಳುತ್ತಾನೆ: ಗಾಳಿ, ಬೆಂಕಿ, ಮಳೆ, ಆನೆ, ಹಾವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರುಗಳಲ್ಲಿ ನಾಟಕ ನೋಡುವವರು ಆ ಪಟ್ಟಿಯ ಮೂರನೆಯ ಪದವನ್ನು ಮರೆಯಬಾರದು.

ಆದ್ದರಿಂದ ಆದಷ್ಟೂ ಎರಡು ಸಲ ನೋಡಿ. ಈ ವಿಷಯದಲ್ಲಿ ಶಿವಮೊಗ್ಗ ಜಿಲ್ಲೆಯವರು ಪುಣ್ಯವಂತರು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟದ ನಾಟಕಗಳು ಊರೂರು ಸುತ್ತುತ್ತವೆ. ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ಒಮ್ಮೆ, ಇನ್ನೊಂದು ಊರಿನ ಶಾಲಾ ಮೈದಾನದಲ್ಲಿ ಇನ್ನೊಮ್ಮೆ ನೋಡಿದರೆ ಯಾವ ನಗೆ ಎರಡೂ ಕಡೆ ಬಂತು, ಯಾವುದು ಒಂದೇ ಕಡೆ ಬಂತು ಎಂದು ಗೊತ್ತಾಗುತ್ತದೆ. ಎರಡೂ ಕಡೆ ಬಂದದ್ದು ನಾಟಕದ್ದು. ಒಂದೇ ಕಡೆ ಬಂದದ್ದು ಆ ಊರಿನದೋ ಆ ರಾತ್ರಿಯದೋ ಇರಬೇಕು. ನಮ್ಮ ಹಾಸ್ಯ ಪರಂಪರೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮಾಸ್ಟರ್ ಹಿರಣ್ಣಯ್ಯನವರು ಅಂದಂದಿನ ರಾಜಕೀಯವನ್ನು ಅಂದಂದೇ ಮಾತಿಗೆ ತರುತ್ತಿದ್ದರು. ಯಕ್ಷಗಾನದ ಹಾಸ್ಯಗಾರನೂ ಹಾಗೆಯೇ. ಕಂಸವಧೆಯ ಅಗಸ ಮಥುರೆಯ ಬೀದಿಯಲ್ಲಿ ನಿಂತು ಈ ವರ್ಷದ ಅಡಿಕೆ ದರದ ಮಾತೆತ್ತಬಲ್ಲ. ರಾಜರೂ ದೇವತೆಗಳೂ ಪುರಾಣದ ಚೌಕಟ್ಟಿನೊಳಗೆ ನಿಂತಿರುವಾಗ ಇಂದಿಗೆ ಬಂದು ಹೋಗುವ ಸಲಿಗೆ ಅವನಿಗಿದೆ. ಯಾವುದು ಪ್ರಸಂಗದ್ದು, ಯಾವುದು ನಟನ ಆ ಹೊತ್ತಿನ ಸ್ಫೂರ್ತಿ ಎಂದು ತಿಳಿಯದೆ ಬರೆದರೆ ಕವಿಯ ಮನ್ನಣೆ ನಟನಿಗೆ, ನಟನದು ಕವಿಗೆ ಹೋಗುತ್ತದೆ.

ಭರತನ ಇನ್ನೊಂದು ಮಾತನ್ನು ಕಿಸೆಯಲ್ಲಿಟ್ಟುಕೊಳ್ಳಿ. ಹಾಸ್ಯ ಎರಡು ನೆಲೆಯದು: ತಾನೇ ನಕ್ಕರೆ ಆತ್ಮಸ್ಥ, ಇತರರನ್ನು ನಗಿಸಿದರೆ ಪರಸ್ಥ. ಹವ್ಯಾಸಿ ತಂಡಗಳಲ್ಲಿ ನಾನು ಹೆಚ್ಚಾಗಿ ಕಾಣುವ ದೋಷ, ನಟ ತನ್ನ ಮಾತಿಗೆ ತಾನೇ ತುಟಿಯಂಚಿನಲ್ಲಿ ನಗುವುದು. ತಾಲೀಮಿನಲ್ಲಿ ಗೆಳೆಯರೆಲ್ಲ ನಕ್ಕಿರುತ್ತಾರೆ. ಆ ನೆನಪು ಮುಖಕ್ಕೆ ಬರುತ್ತದೆ. ಪಾತ್ರಕ್ಕೆ ತಾನು ತಮಾಷೆಯೆಂದು ಗೊತ್ತಾದ ಕೂಡಲೇ ಸಭೆಗೆ ಅದು ತಮಾಷೆಯಾಗಿ ಉಳಿಯುವುದಿಲ್ಲ. ನಿಮ್ಮ ಕೊಡೆಯ ದೃಶ್ಯ ಗೆದ್ದದ್ದು ಇಬ್ಬರೂ ನಗದೆ ಇದ್ದುದರಿಂದ. ವರನ ತಂದೆಗೆ ಅದು ಅವಮಾನ, ಹೆಣ್ಣಿನ ತಂದೆಗೆ ಅದು ಕಣ್ಣಿಗೆ ಅಪಾಯ. ಇಂಥ ಗಾಂಭೀರ್ಯವನ್ನು ಕಾಪಾಡಿಕೊಂಡ ನಟರನ್ನು ಹೆಸರು ಹಿಡಿದು ಮೆಚ್ಚಿ ಬರೆಯಿರಿ. ಬೆವರು ಸುರಿಸಿ ಅಳಿಸಿದವರಿಗೆ ಸಿಗುವ ಪ್ರಶಸ್ತಿ ಇವರಿಗೆ ಸಿಗುವುದು ಅಪರೂಪ.

ನಗೆ ಯಾರ ಮೇಲೆ ಬಿತ್ತು ಎಂಬ ಪ್ರಶ್ನೆಯನ್ನು ಬಿಡಬೇಡಿ. ಹಾಸ್ಯಕ್ಕೆ ಕಾರಣವಾಗುವ ಸಂಗತಿಗಳಲ್ಲಿ ಭರತ ವಿಕಾರವಾದ ವೇಷ, ಅಸಂಬದ್ಧ ಮಾತು, ದುರಾಸೆಗಳ ಜೊತೆಗೆ ಅಂಗವಿಕಲತೆಯ ಪ್ರದರ್ಶನವನ್ನೂ ಸೇರಿಸಿದ್ದಾನೆ. ಅವನು ಸೇರಿಸಿದ ಮಾತ್ರಕ್ಕೆ ನಾವು ಒಪ್ಪಬೇಕೆಂದಿಲ್ಲ. ತೊದಲುವ ಪಾತ್ರ, ಕುಂಟುವ ಪಾತ್ರ, ಕಪ್ಪು ಬಣ್ಣದ ಹುಡುಗಿ ಇವರನ್ನು ತಂದು ನಿಲ್ಲಿಸಿದ ಕೂಡಲೇ ಅಗ್ಗದ ನಗೆಯೊಂದು ಬರುತ್ತದೆ. ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಶಿವಮೊಗ್ಗದ ವೇದಿಕೆಗಳಲ್ಲಿ ಹವ್ಯಕರ ಕನ್ನಡ, ಧಾರವಾಡದ ಕನ್ನಡ, ಸಾಬರ ಕನ್ನಡ ಎಂದು ಮಾತನ್ನು ತಿರುಚಿ ನಗಿಸುವವರಿದ್ದಾರೆ. ನಾನು ಬಳಸುವ ಒರೆಗಲ್ಲು ಸರಳ. ಅದೇ ಸಂಭಾಷಣೆಯನ್ನು ಸಾಮಾನ್ಯ ಕನ್ನಡಕ್ಕೆ ತಿರುಗಿಸಿ ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ. ನಗೆ ಉಳಿದರೆ ಅದು ಪಾತ್ರದ್ದು. ಉಳಿಯದಿದ್ದರೆ ಒಂದು ಜನರ ನಾಲಗೆಯನ್ನು ನೋಡಿ ನಕ್ಕೆವು, ಅಷ್ಟೇ. ಟಿ.ಪಿ. ಕೈಲಾಸಂ ಅವರ ಪಾತ್ರಗಳು ಇಂಗ್ಲಿಷ್ ಬೆರೆಸಿ ಆಡುವ ಮಾತಿಗೆ ನಾವು ಇಂದಿಗೂ ನಗುತ್ತೇವೆ. ಆ ನಗೆ ಬೀಳುವುದು ಕಲಿತವರ ಜಂಬದ ಮೇಲೆ, ಮತ್ತು ಬರೆದವರು ಅದೇ ಕಲಿತವರ ಪೈಕಿ. ಗಂಡಸರು ಸೀರೆಯುಟ್ಟು ಬರುವ ಪಾತ್ರಕ್ಕೂ ಇದೇ ಒರೆಗಲ್ಲು ಹಚ್ಚಿ. ಬಡಗುತಿಟ್ಟು ಯಕ್ಷಗಾನದ ಸ್ತ್ರೀವೇಷಧಾರಿ ಹೆಣ್ಣಿನ ನಡೆಯನ್ನು ವರ್ಷಗಟ್ಟಲೆ ಕಲಿತು ಬರುತ್ತಾನೆ, ಅವನನ್ನು ನೋಡಿ ಯಾರೂ ನಗುವುದಿಲ್ಲ. ಮೀಸೆಯ ಮೇಲೆ ಕುಂಕುಮವಿಟ್ಟು ಬಂದವನು ಏನನ್ನೂ ಕಲಿಯದೆ ಹೆಂಗಸರ ಮೈಯನ್ನೇ ತಮಾಷೆಯ ವಸ್ತುವಾಗಿಸುತ್ತಾನೆ. ಇದನ್ನು ಕಂಡಾಗ ಹಾಗೆಂದೇ ಬರೆಯಿರಿ. ‘ಸಭಿಕರು ನಕ್ಕರಲ್ಲ’ ಎಂದು ತಂಡದವರು ವಾದಿಸಿದರೆ, ಯಾರು ನಗಲಿಲ್ಲ ಎಂಬುದು ನಿಮ್ಮ ಬಲಪುಟದಲ್ಲಿದೆ.

ಇನ್ನು ಹಾಡಿನ ನಾಟಕ. ‘ಸಂಗೀತ ಇಂಪಾಗಿತ್ತು’ ಎಂಬ ಮಾತು ಊಟ ರುಚಿಯಾಗಿತ್ತು ಎಂದಂತೆ. ಬಡಿಸಿದ್ದು ಏನೆಂದು ಗೊತ್ತಾಗುವುದಿಲ್ಲ. ನಾಟಕದ ಹಾಡನ್ನು ಕಛೇರಿಯ ಹಾಡಿನಂತೆ ಅಳೆಯಬೇಡಿ. ಮೊದಲು ಕೇಳಿಕೊಳ್ಳಬೇಕಾದದ್ದು: ಮಾತು ಇಲ್ಲಿ ಹಾಡಾದದ್ದು ಏಕೆ? ಮಲೆನಾಡಿನ ಪ್ರೇಕ್ಷಕರ ಕಿವಿಗೆ ಎರಡು ದಾರಿಗಳು ಚಿಕ್ಕಂದಿನಿಂದ ಪರಿಚಿತ. ಯಕ್ಷಗಾನದಲ್ಲಿ ಪದ್ಯ ಮೊದಲು ಬರುತ್ತದೆ, ಅರ್ಥ ಆಮೇಲೆ. ಭಾಗವತರು ನಾಲ್ಕು ಸಾಲಿನಲ್ಲಿ ಹೇಳಿದ್ದನ್ನು ವೇಷಧಾರಿ ಕುಣಿದು ತೋರಿಸಿ, ಮಾತಿನಲ್ಲಿ ಬಿಡಿಸುತ್ತಾನೆ. ಬೀಜ ಮೊದಲು, ಗಿಡ ಆಮೇಲೆ. ಕಂಪನಿ ನಾಟಕದ ದಾರಿ ತಿರುವುಮುರುವು. ಮಾತು ಕಾವೇರುತ್ತ ಹೋಗಿ, ಇನ್ನು ಮಾತಿನಲ್ಲಿ ಹಿಡಿಸುವುದಿಲ್ಲ ಎಂಬಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ, ನಟ ಹಾಡಿಗೆ ಏರುತ್ತಾನೆ. ಹೊಸ ನಾಟಕ ಯಾವ ದಾರಿ ಹಿಡಿದಿದೆ ಎಂದು ನೋಡಿ. ಎರಡೂ ಅಲ್ಲದೆ, ದೃಶ್ಯ ಬದಲಾಯಿಸಲು ಸಮಯ ಬೇಕಿತ್ತು ಎಂಬ ಕಾರಣಕ್ಕೆ ಹಾಡು ಬಂದಿದ್ದರೆ ಗೊತ್ತಾಗಿಬಿಡುತ್ತದೆ. ಆಗ ಮೇಳ ಹಾಡುತ್ತಿರುತ್ತದೆ, ಹಿಂದೆ ಬೆಂಚು ಎಳೆಯುವ ಸದ್ದು ಕೇಳುತ್ತಿರುತ್ತದೆ.

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ಬೆಳೆಸಿದ ವೀರಣ್ಣನವರು ಹಾಸ್ಯನಟರು. ‘ಸದಾರಮೆ’ಯ ಕಳ್ಳನ ಪಾತ್ರಕ್ಕೆ ಹೆಸರಾದವರು. ಹುಡುಗನಾಗಿದ್ದಾಗ ಅದೇ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಮುಂದೆ ನಮ್ಮ ರಂಗಸಂಗೀತದ ಕಿವಿಯನ್ನೇ ಬದಲಾಯಿಸಿದರು. ಅವರ ನಾಟಕಗಳಲ್ಲಿ ಸಂಗೀತ ಪಕ್ಕದಲ್ಲಿ ಕುಳಿತು ನುಡಿಸುವ ವಸ್ತುವಾಗಿರಲಿಲ್ಲ. ನಟರ ಉಸಿರು, ಗುಂಪಿನ ಗುನುಗು, ಕೈಗೆ ಸಿಕ್ಕ ಮರದ ತುಂಡಿನ ಸದ್ದು ಎಲ್ಲವೂ ಸಂಗೀತವಾಗುತ್ತಿತ್ತು. ಹಾಗಾಗಿ ಇಂದಿನ ನಾಟಕದಲ್ಲಿ ಪೆನ್‌ಡ್ರೈವ್‌ನಿಂದ ಬರುವ ಸಿದ್ಧ ಟ್ರ್ಯಾಕ್ ಕೇಳಿದಾಗ ನನಗೆ ಮೊದಲು ಕಾಣುವುದು ನಟನ ಕಾಲು. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಸಭೆ ನಕ್ಕರೆ ಆ ನಗೆ ಮುಗಿಯುವವರೆಗೆ ಹಾರ್ಮೋನಿಯಂನವರು ಒಂದು ಸುತ್ತು ಹೆಚ್ಚು ನುಡಿಸಿ ನಟನನ್ನು ಕಾಯುತ್ತಾರೆ. ಯಂತ್ರ ಮುಂದೆ ಹೋಗಿಬಿಡುತ್ತದೆ, ನಟ ಓಡಿ ಹಿಡಿಯುತ್ತಾನೆ. ಹಾಡಿನ ನಗೆನಾಟಕ ಸೋಲುವುದಕ್ಕೆ ಇದೊಂದು ದೊಡ್ಡ ಕಾರಣ. ಬಜೆಟ್ ಇಲ್ಲದ ತಂಡ ಬೇರೆ ದಾರಿಯಿಲ್ಲದೆ ಟ್ರ್ಯಾಕ್ ಬಳಸಿರಬಹುದು. ಅದನ್ನು ತಿಳಿದುಕೊಂಡು ಬರೆಯಿರಿ, ಆದರೆ ಬರೆಯಿರಿ.

ಶ್ರುತಿಯ ಬಗ್ಗೆ ಸ್ವಲ್ಪ ತಿಳಿದಿರಬೇಕು. ಹಾರ್ಮೋನಿಯಂ ಲೆಕ್ಕದಲ್ಲಿ ಗಂಡಸರ ಶ್ರುತಿ ಸಾಮಾನ್ಯವಾಗಿ ಕಪ್ಪು ಒಂದರ (ಮೊದಲ ಕಪ್ಪು ಮನೆಯ) ಆಸುಪಾಸು, ಹೆಂಗಸರದು ಕಪ್ಪು ನಾಲ್ಕು, ಐದರ ಆಸುಪಾಸು. ಮೇಳದಲ್ಲಿ ಇಬ್ಬರನ್ನೂ ಒಟ್ಟಿಗೆ ಹಾಡಿಸಿದಾಗ ಯಾರೋ ಒಬ್ಬರಿಗೆ ಕಷ್ಟವಾಗುತ್ತದೆ. ಒಂದೋ ಗಂಡಸರು ಮೇಲೆ ಎಟುಕದೆ ಅರಚುತ್ತಾರೆ, ಇಲ್ಲವೇ ಹೆಂಗಸರ ದನಿ ಕೆಳಗೆ ಮುಳುಗಿ ಸಾಹಿತ್ಯ ಕೇಳುವುದಿಲ್ಲ. ‘ಹಾಡುಗಾರಿಕೆ ದುರ್ಬಲ’ ಎಂದು ನಟಿಯನ್ನು ದೂರುವ ಮೊದಲು ಶ್ರುತಿ ಆರಿಸಿದವರು ಯಾರು ಎಂದು ವಿಚಾರಿಸಿ. ಸಾಹಿತ್ಯ ಕೇಳಿತೇ ಎಂಬುದು ರಾಗಕ್ಕಿಂತ ಮುಖ್ಯ. ಮನೆಗೆ ಹೋಗುವ ಬಸ್ಸಿನಲ್ಲಿ ಪಲ್ಲವಿಯ ಮಾತುಗಳು ನೆನಪಿಗೆ ಬರುತ್ತವೆಯೇ, ಧಾಟಿ ಮಾತ್ರವೇ ಎಂದು ಪರೀಕ್ಷಿಸಿಕೊಳ್ಳಿ. ಮತ್ತೆ, ‘ಹಾಡುಗಳು ಜಾಸ್ತಿಯಾದವು’ ಎಂಬ ದೂರನ್ನು ಎಲ್ಲದಕ್ಕೂ ಅನ್ವಯಿಸಬೇಡಿ. ಪು.ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ ಗೀತನಾಟಕ, ಅಲ್ಲಿ ಹಾಡೇ ನಡೆ. ಅದರಲ್ಲಿ ಹಾಡು ಹೆಚ್ಚಾಯಿತೆನ್ನುವುದು ತೋಟದಲ್ಲಿ ಮರ ಹೆಚ್ಚಾಯಿತು ಎಂದ ಹಾಗೆ.

ನಿಮ್ಮ ಇನ್ನೊಂದು ಪ್ರಶ್ನೆ, ಪ್ಯಾಂಟೊಮೈಮ್ ಎಂದರೆ ಮೂಕಾಭಿನಯವೇ? ನಮ್ಮಲ್ಲಿ ಹಾಗೆ ಬಳಸುತ್ತಾರೆ, ತಪ್ಪಲ್ಲ. ಪ್ರಾಚೀನ ರೋಮಿನಲ್ಲಿ ಆ ಪದ ಒಬ್ಬನೇ ನರ್ತಕನನ್ನು ಸೂಚಿಸುತ್ತಿತ್ತು. ಅವನು ಮುಖವಾಡ ತೊಟ್ಟು, ಮಾತಾಡದೆ, ಮೇಳದವರು ಹಾಡುತ್ತಿರುವಾಗ ಕಥೆಯ ಪಾತ್ರಗಳನ್ನೆಲ್ಲ ಒಬ್ಬನೇ ಅಭಿನಯಿಸುತ್ತಿದ್ದ. ಹಾಡುವವರು ಬೇರೆ, ಅಭಿನಯಿಸುವವರು ಬೇರೆ ಎಂಬ ಏರ್ಪಾಡು ನಮಗೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ಮಾತ್ರ ಆ ಪದ ಬೇರೆಯೇ ದಾರಿ ಹಿಡಿಯಿತು. ಇಟಲಿಯ ಮುಖವಾಡದ ಹಾಸ್ಯನಾಟಕಗಳ ಪಾತ್ರಗಳು ಅಲ್ಲಿಗೆ ಹೋಗಿ ನೆಲೆಸಿ, ಜೋಸೆಫ್ ಗ್ರಿಮಾಲ್ಡಿಯಂಥ (1778–1837) ವಿದೂಷಕರ ಕೈಯಲ್ಲಿ ಬೆಳೆದು, ಕೊನೆಗೆ ಕ್ರಿಸ್‌ಮಸ್ ಕಾಲದಲ್ಲಿ ಮನೆಮಂದಿಯೆಲ್ಲ ಹೋಗಿ ನೋಡುವ ಗದ್ದಲದ ಸಂಗೀತ ನಾಟಕವಾಯಿತು. ಸಿಂಡರೆಲಾ, ಅಲ್ಲಾವುದ್ದೀನನಂಥ ಮಕ್ಕಳ ಕಥೆ; ಗಂಡಸು ಮಾಡುವ ಮುದುಕಿಯ ಪಾತ್ರ; ಹುಡುಗಿ ಮಾಡುವ ನಾಯಕನ ಪಾತ್ರ; ಊರಿನ ಸುದ್ದಿಯ ಮೇಲೆ ಚಟಾಕಿ. ಖಳ ಹಿಂದಿನಿಂದ ಬಂದಾಗ ಮಕ್ಕಳೆಲ್ಲ ‘ನಿನ್ನ ಹಿಂದೆ ಇದ್ದಾನೆ’ ಎಂದು ಕೂಗಲೇಬೇಕು. ಅದರಲ್ಲಿ ಮೌನವೆಂಬುದೇ ಇಲ್ಲ. ಹೀಗಾಗಿ ವಿಮರ್ಶೆಯಲ್ಲಿ ಪ್ಯಾಂಟೊಮೈಮ್ ಎಂಬ ಪದ ಬಳಸುವಾಗ ಯಾವುದೆಂದು ಹೇಳಿಬಿಡಿ. ಮೌನದ ಕಲೆಗೆ ಮೂಕಾಭಿನಯ ಎಂಬ ನಮ್ಮ ಪದವೇ ಚೆನ್ನ.

ಇಂಗ್ಲಿಷರ ಆ ಗದ್ದಲದ ನಾಟಕಕ್ಕೆ ನಮ್ಮಲ್ಲಿ ಹತ್ತಿರದ್ದೆಂದರೆ ಏಪ್ರಿಲ್, ಮೇ ತಿಂಗಳಿನ ಮಕ್ಕಳ ರಂಗಶಿಬಿರಗಳ ಕೊನೆಯ ದಿನದ ನಾಟಕ. ಕುವೆಂಪು ಅವರು ಬ್ರೌನಿಂಗನ ಕವಿತೆಯಿಂದ ಸ್ಫೂರ್ತಿ ಪಡೆದು ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಎಷ್ಟು ಶಿಬಿರಗಳು ಆಡಿಲ್ಲ! ಅಲ್ಲಿ ಇಲಿಗಳು ವೇದಿಕೆಯಿಂದ ಇಳಿದು ಪ್ರೇಕ್ಷಕರ ಕಾಲಡಿ ನುಸುಳುತ್ತವೆ, ಅಜ್ಜಿಯರು ಕಾಲು ಮೇಲೆತ್ತಿಕೊಳ್ಳುತ್ತಾರೆ, ಆ ಕಾಲೆತ್ತುವುದೂ ನಾಟಕದ ಭಾಗ. ಇಂಥದ್ದನ್ನು ಬರೆಯುವಾಗ ಯಾವ ಮಗು ಚೆನ್ನಾಗಿ ಮಾಡಿತು, ಯಾವುದು ಮಾಡಲಿಲ್ಲ ಎಂದು ದಯವಿಟ್ಟು ಬರೆಯಬೇಡಿ. ನಿರ್ದೇಶಕರನ್ನು ವಿಮರ್ಶಿಸಿ. ಮಾತೆಲ್ಲವನ್ನೂ ಚುರುಕಾದ ಇಬ್ಬರಿಗೆ ಕೊಟ್ಟು ಉಳಿದ ಮೂವತ್ತು ಮಕ್ಕಳನ್ನು ಮರಗಿಡಗಳಾಗಿ ನಿಲ್ಲಿಸಿದ್ದರೆ ಅದನ್ನು ಹೇಳಿ. ಕಟ್ಟಕಡೆಯ ಇಲಿಗೂ ಒಂದು ಸ್ವಂತ ನಡಿಗೆ ಇತ್ತೆಂದರೆ ಅದನ್ನು ಇನ್ನೂ ಜೋರಾಗಿ ಹೇಳಿ.

ಮೂಕಾಭಿನಯಕ್ಕೆ ಬರೋಣ, ಇದರ ಬಗ್ಗೆ ನನಗೆ ಕಲಿಸಿದವರು ಒಬ್ಬ ಹಿರಿಯರು, ಸಾಗರದ ಕಡೆಯವರು. ಸಭೆಯೊಂದರಲ್ಲಿ ನನ್ನ ಪಕ್ಕ ಕುಳಿತಿದ್ದರು, ಹೆಸರು ಕೇಳಲಿಲ್ಲ. ವೇದಿಕೆಯ ಮೇಲೆ ಒಬ್ಬ ಯುವಕ ಅಡಿಕೆ ಕೊನೆ ಕೊಯ್ಯುವುದನ್ನು ಅಭಿನಯಿಸುತ್ತಿದ್ದ. ಮುಖಕ್ಕೆ ಬಿಳಿ ಬಣ್ಣ, ಕೈಗೆ ಬಿಳಿ ಗವಸು. ಇಲ್ಲದ ಮರವನ್ನು ತಬ್ಬಿ ಹತ್ತಿದ, ಇಲ್ಲದ ಕತ್ತಿ ಬೀಸಿದ, ಇಲ್ಲದ ಬೆವರು ಒರೆಸಿದ. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಪಕ್ಕದವರು ತಟ್ಟಲಿಲ್ಲ. ‘ತೆಂಗಿನಮರ ಹತ್ತಿದ’ ಎಂದರು. ಯಾಕೆ ಎಂದು ಕೇಳಿದೆ. ‘ಅಡಿಕೆಮರ ಅಷ್ಟು ಗಟ್ಟಿಯಾಗಿ ನಿಲ್ಲುತ್ತದೆಯೇ? ಬಾಗಲೇ ಇಲ್ಲವಲ್ಲ.’ ಮರುಕ್ಷಣ ಆ ಯುವಕ ತಾನಾಗಿಯೇ ಆ ಮಾತು ಕೇಳಿಸಿಕೊಂಡವನಂತೆ, ಮರದ ತುದಿಯಲ್ಲಿ ಮೈಯನ್ನು ಹಿಂದಕ್ಕೆ ಮುಂದಕ್ಕೆ ತೂಗತೊಡಗಿದ. ಪಕ್ಕದ ಮರಕ್ಕೆ ದಾಟಲು ಕೊನೆ ಕೊಯ್ಯುವ ಕೊನೆಗೌಡರು ಮಾಡುವ ಹಾಗೆಯೇ. ತೂಗಿದ, ಕೈ ಚಾಚಿದ, ಸಿಗಲಿಲ್ಲ, ಮತ್ತೆ ತೂಗಿದ. ಸಭೆಯಲ್ಲಿ ಉಸಿರಿನ ಸದ್ದಿಲ್ಲ. ಮೂರನೆಯ ಸಲ ದಾಟಿದಾಗ ಹಿರಿಯರು ನಕ್ಕು, ತೊಡೆ ತಟ್ಟಿ, ‘ಈಗ ಅಡಿಕೆಮರ’ ಎಂದರು.

ಅಂದಿನಿಂದ ಮೂಕಾಭಿನಯ ನೋಡುವಾಗ ನಾನು ನಟನ ಮುಖವನ್ನು ಬಿಟ್ಟು ಇಲ್ಲದ ವಸ್ತುವನ್ನು ನೋಡುತ್ತೇನೆ. ಅದಕ್ಕೆ ಭಾರವಿದೆಯೇ? ಜಾಗವಿದೆಯೇ? ಇಟ್ಟ ಕೊಡ ಇಟ್ಟಲ್ಲೇ ಇತ್ತೇ, ಎರಡು ನಿಮಿಷದ ನಂತರ ನಟ ಅದರ ಮೇಲೆಯೇ ನಡೆದು ಹೋದನೇ? ತೆರೆದ ಬಾಗಿಲನ್ನು ಮುಚ್ಚಿದನೇ? ತುಂಬಿದ ಕೊಡ ಎತ್ತುವ ಬೆನ್ನು, ಖಾಲಿ ಕೊಡ ಎತ್ತುವ ಬೆನ್ನು ಬೇರೆಯಾಗಿತ್ತೇ? ಎತ್ತುವ ಮುಂಚೆ ಕಾಲು ಊರಿಕೊಂಡನೇ? ಭಾರ ತೋರುವುದು ಎತ್ತುವಾಗ ಅಲ್ಲ, ಎತ್ತಲು ಸಿದ್ಧವಾಗುವಾಗ. ಬಿಳಿ ಮುಖದ ರೂಢಿ ಫ್ರಾನ್ಸಿನ ಮಾರ್ಸೆಲ್ ಮಾರ್ಸೊ (1923–2007) ಅವರಿಂದ ಜಗತ್ತಿನಾದ್ಯಂತ ಹೆಸರಾಯಿತು. ದೂರದಲ್ಲಿ ಕುಳಿತವರಿಗೂ ಹುಬ್ಬು, ತುಟಿ ಕಾಣಬೇಕೆಂದರೆ ಆ ಬಣ್ಣಕ್ಕೆ ಕೆಲಸವಿದೆ. ಐವತ್ತು ಜನರ ಜಗಲಿಯಲ್ಲಿ ಅದೇಕೆ ಬೇಕು ಎಂದು ಕೇಳುವ ಹಕ್ಕು ನಿಮಗಿದೆ. ಕೊನೆಗೌಡನ ಮುಖಕ್ಕೆ ಬಿಸಿಲಿನ ಬಣ್ಣವೇ ಸಾಕು. ಹಿನ್ನೆಲೆಯಲ್ಲಿ ಯಾರಾದರೂ ಧ್ವನಿವರ್ಧಕದಲ್ಲಿ ‘ಈಗ ಅವನು ಮರ ಹತ್ತುತ್ತಿದ್ದಾನೆ’ ಎಂದು ವಿವರಿಸಿದರೆ, ತಂಡಕ್ಕೆ ತನ್ನ ನಟನ ಮೈಯ ಮೇಲೆ ನಂಬಿಕೆಯಿಲ್ಲವೆಂದು ಬರೆಯಲು ಹಿಂಜರಿಯಬೇಡಿ.

ಪರಿಚಿತರ ಬಗ್ಗೆ ಬರೆಯುವ ಸಂಕೋಚ ನನಗೂ ಇತ್ತು, ಈಗಲೂ ಇದೆ. ಹಗಲು ಅಂಗಡಿ, ಶಾಲೆ, ತೋಟ, ಕಚೇರಿ ಮುಗಿಸಿ, ರಾತ್ರಿ ತಾಲೀಮು ಮಾಡಿ, ಕೈಯಿಂದ ದುಡ್ಡು ಹಾಕಿ ನಾಟಕ ಆಡುವವರು ಅವರು. ಅವರ ಶ್ರಮಕ್ಕೆ ಗೌರವ ತೋರುವ ಬಗೆ ಹೊಗಳಿಕೆಯಲ್ಲ, ಅವರು ಮಾಡಿದ್ದನ್ನು ಗಮನವಿಟ್ಟು ನೋಡಿದ್ದೇನೆ ಎಂಬುದಕ್ಕೆ ಸಾಕ್ಷಿ ಕೊಡುವುದು. ‘ಅಭಿನಯ ಸಪ್ಪೆ’ ಎಂದು ಬರೆದರೆ ನಾಳೆ ಅಂಗಡಿಯಲ್ಲಿ ಮುಖ ತಿರುಗಿಸುತ್ತಾರೆ. ‘ಎರಡನೆಯ ದೃಶ್ಯದಲ್ಲಿ ಪತ್ರ ಓದುವ ಮೊದಲೇ ಗಾಬರಿಯಾದಿರಿ, ಹಾಗಾಗಿ ಪತ್ರದ ಮಾತಿಗೆ ನಗು ಬರಲಿಲ್ಲ’ ಎಂಬರ್ಥದಲ್ಲಿ ಬರೆದರೆ ಅದೇ ಅಂಗಡಿಯಲ್ಲಿ ಕೂರಿಸಿ ಚಹಾ ಕೊಡುತ್ತಾರೆ; ನನ್ನ ಅನುಭವದಲ್ಲಿ ಹೆಚ್ಚಿನ ಸಲ ಹಾಗೆಯೇ ಆಗಿದೆ. ನಟನಾಗಲು ಅವನು ಯೋಗ್ಯನೇ ಎಂಬ ತೀರ್ಪು ನಮ್ಮ ಕೆಲಸವಲ್ಲ. ಆ ರಾತ್ರಿ ಆ ಗಳಿಗೆಯಲ್ಲಿ ಏನಾಯಿತು ಎಂಬುದಷ್ಟೇ ನಮ್ಮದು. ಟಿಕೆಟ್ ಇದ್ದರೆ ಕೊಂಡೇ ಹೋಗಿ. ಮುಂದಿನ ಸೋಫಾ ಬೇಡ. ನಗೆನಾಟಕವನ್ನು ನಡುವಿನ ಸಾಲಿನ ಹಿಂದಿನಿಂದ ನೋಡಬೇಕು, ಸಭೆಯೂ ಕಾಣುವಂತೆ. ನೆಂಟರೋ ಸಹೋದ್ಯೋಗಿಗಳೋ ಪಾತ್ರ ಮಾಡಿದ್ದರೆ ಆ ಸಂಬಂಧವನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ.

ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ. ನಾಟಕ ಇನ್ನೂ ಆಡಲಿಕ್ಕಿದ್ದರೆ ನಗೆಯ ಕೀಲನ್ನು ಪತ್ರಿಕೆಯಲ್ಲಿ ಬಿಚ್ಚಿಡಬೇಡಿ. ಕೊಡೆ ಮಡಚುವುದಿಲ್ಲ ಎಂಬವರೆಗೆ ಹೇಳಬಹುದು, ಕತ್ತು ವಾಲುವುದನ್ನು ಪ್ರೇಕ್ಷಕರಿಗೇ ಬಿಡಬೇಕು. ‘ಕೊಡೆ ಹಿಡಿದವರಿಗಿಂತ ಎದುರಿಗೆ ಕುಳಿತವರನ್ನು ನೋಡುತ್ತಿರಿ’ ಎಂದು ಬರೆದರೆ ಓದುಗನಿಗೆ ದಾರಿ ಸಿಗುತ್ತದೆ, ನಗೆ ಉಳಿಯುತ್ತದೆ. ಪ್ರದರ್ಶನಗಳೆಲ್ಲ ಮುಗಿದ ಮೇಲೆ ದೃಶ್ಯವನ್ನು ಪೂರ್ತಿ ಬಿಡಿಸಿ ಬರೆಯಿರಿ. ನಮ್ಮ ಊರುಗಳ ಹವ್ಯಾಸಿ ನಾಟಕಗಳಿಗೆ ಹೆಚ್ಚಾಗಿ ಬೇರೆ ದಾಖಲೆ ಇರುವುದಿಲ್ಲ.

ಆ ತಂಡ ಸಂಕ್ರಾಂತಿಯ ನಂತರ ಇದೇ ಪ್ರಹಸನವನ್ನು ಮತ್ತೆ ಆಡಲಿದೆ ಎಂದು ಬರೆದಿದ್ದೀರಿ. ಆಗ ಮಳೆ ಇರುವುದಿಲ್ಲ, ಕೊನೆ ಕೊಯ್ಲೂ ಬಹುಮಟ್ಟಿಗೆ ಮುಗಿದು ಜನ ಬಿಡುವಾಗಿರುತ್ತಾರೆ. ಹೋಗಿ ನೋಡಿ. ಒಣ ಹವೆಯಲ್ಲಿ, ಹೊರಗೆ ಹನಿಯೂ ಬೀಳದ ರಾತ್ರಿಯಲ್ಲಿ, ಒದ್ದೆ ಕೊಡೆಯ ಆ ದೃಶ್ಯವನ್ನು ಅವರು ಹೇಗೆ ನಂಬಿಸುತ್ತಾರೆ, ವರನ ತಂದೆ ಜಗಲಿ ಹತ್ತುವ ಮೊದಲು ಕಾಲು ಒರೆಸಿಕೊಳ್ಳುತ್ತಾನೆಯೇ, ಹೆಣ್ಣಿನ ತಂದೆಯ ಕತ್ತು ಈ ಸಲ ಯಾವ ಮಾತಿನ ಮೇಲೆ ವಾಲಲು ಶುರುವಾಗುತ್ತದೆ, ಇವನ್ನು ಎಡಪುಟದಲ್ಲಿ ಗೀಚಿಕೊಂಡು ಬನ್ನಿ. ಬರೆದದ್ದನ್ನು ನನಗೂ ಕಳುಹಿಸಿ; ನಾನು ಆ ಕೊಡೆಯನ್ನು ಇನ್ನೂ ನೋಡಿಲ್ಲ.